ಆಲೆಮರ, ಅರಗು, ಬುಗುರಿ: ಚನ್ನಪಟ್ಟಣದ ಕಡೆತದ ಕಸುಬಿನಲ್ಲಿ ಚಲನೆಯ ಪಾಠ

ಚನ್ನಪಟ್ಟಣದ ಗೊಂಬೆ ಕೆತ್ತಿದ್ದಲ್ಲ, ಕಡೆದದ್ದು. ಕೆತ್ತುವಾಗ ಮರ ನಿಂತಿರುತ್ತದೆ, ಉಳಿ ಓಡಾಡುತ್ತದೆ. ಕಡೆಯುವಾಗ ಉಳಿ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ, ಮರ ತಿರುಗುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗೂ ಚನ್ನಪಟ್ಟಣದ ಗೊಂಬೆಗೂ ಇರುವ ಮೂಲ ವ್ಯತ್ಯಾಸ ಇದೇ. ತಿರುಗುವ ಮರದಿಂದ ಹೊರಬಂದ ವಸ್ತು ಯಾವುದೇ ಆಗಿರಲಿ, ಬುಗುರಿ, ಗಾಲಿ, ಗಿಲಕಿ, ರಾಜ-ರಾಣಿ, ಕುಂಕುಮದ ಭರಣಿ, ಅದರ ನಟ್ಟನಡುವೆ ಒಂದು ಅಕ್ಷ ಇದ್ದೇ ಇರುತ್ತದೆ. ಆ ಅಕ್ಷದ ಸುತ್ತ ಮರ ಎಲ್ಲ ಕಡೆಯೂ ಸಮವಾಗಿ ಹಂಚಿಕೊಂಡಿರುತ್ತದೆ. ಗೊಂಬೆ ಬೀಳದೆ ನಿಲ್ಲುವುದು, ಗಾಲಿ ಕುಂಟದೆ ಉರುಳುವುದು, ಬುಗುರಿ ಒಂದೇ ಮೊಳೆಯ ಮೇಲೆ ನಿಮಿಷಗಟ್ಟಲೆ ತಿರುಗುವುದು ಎಲ್ಲಕ್ಕೂ ಮೂಲ ಈ ಅಕ್ಷ. ಹಾಗಾಗಿ ಈ ಕಸುಬಿನ ಇತಿಹಾಸವೆಂದರೆ ಮರವನ್ನು ಹೇಗೆ ತಿರುಗಿಸಲಾಯಿತು ಎಂಬುದರ ಇತಿಹಾಸವೂ ಹೌದು. ಹೊಂಗನೂರು ಮೊದಲಾಗಿ ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಗಳ ಶಾಲೆಗಳಲ್ಲಿ ಮಕ್ಕಳು ಓದುವ ಚಲನೆ, ಸ್ಥಾನಪಲ್ಲಟ, ಸಮತೋಲದ ಪಾಠಗಳೆಲ್ಲ ಈ ಕಸುಬಿನ ಒಳಗೇ ಅಡಗಿವೆ.

ಚನ್ನಪಟ್ಟಣದ ಕೋಟೆಯನ್ನು 1580ರ ಸುಮಾರಿಗೆ ಜಗದೇವರಾಯ ಕಟ್ಟಿಸಿದ. 1630ರಲ್ಲಿ ಅದು ಮೈಸೂರು ಒಡೆಯರ ವಶವಾಯಿತು. ಕೋಟೆಯ ಈಶಾನ್ಯಕ್ಕಿರುವ ಶುಕ್ರವಾರಪೇಟೆ ಕುಶಲಕರ್ಮಿಗಳ ನೆಲೆ. 19ನೆಯ ಶತಮಾನದ ಕೊನೆಯ ಮೈಸೂರು ಗೆಜೆಟಿಯರ್ ಈ ಪೇಟೆಯನ್ನು ಮೂರು ಸರಕುಗಳಿಗಾಗಿ ಹೆಸರಿಸುತ್ತದೆ: ಅರಗು ಬಳಿದ ಮರದ ಸಾಮಾನು ಮತ್ತು ಆಟಿಕೆ, ತಂತಿವಾದ್ಯಗಳಿಗೆ ಬೇಕಾದ ನವುರಾದ ಉಕ್ಕಿನ ತಂತಿ, ಗಾಜಿನ ಬಳೆ. ಮೂರರಲ್ಲಿ ಊರಿನ ಹೆಸರಿಗೆ ಅಂಟಿಕೊಂಡು ಉಳಿದದ್ದು ಆಟಿಕೆ ಮಾತ್ರ.

ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಕಡೆತ ಮತ್ತು ಅರಗಿನ ಕೆಲಸ ಕಲಿಸಿದ ಎಂಬುದು ಊರಿನಲ್ಲಿ ಎಲ್ಲರ ಬಾಯಲ್ಲಿರುವ ಹೇಳಿಕೆ. ಟಿಪ್ಪು ಆಳಿದ್ದು 1782ರಿಂದ 1799ರವರೆಗೆ. ಕಸುಬಿನವರು ಅಷ್ಟೇ ಗೌರವದಿಂದ ನೆನೆಯುವ ಇನ್ನೊಂದು ಹೆಸರು ಬಾವಾಸ್ ಮಿಯಾ ಅವರದು. ಜಪಾನಿನ ಗೊಂಬೆ ತಯಾರಿಕೆಯ ಕ್ರಮಗಳನ್ನು ಕಲಿತು, ಅವನ್ನು ಇಲ್ಲಿನ ಕೆಲಸಕ್ಕೆ ಒಗ್ಗಿಸಿದವರೆಂದು ಅವರನ್ನು ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎನ್ನುತ್ತಾರೆ. ಜಪಾನಿನಲ್ಲೂ ಕೊಕೆಶಿ ಎಂಬ ಮರದ ಗೊಂಬೆಗಳನ್ನು ಕಡೆದೇ ಮಾಡುತ್ತಾರೆ. ಗುಂಡು ತಲೆ, ಉರುಟು ಮೈ, ಕೈಕಾಲಿಲ್ಲದ ಆ ಆಕಾರ ಚನ್ನಪಟ್ಟಣದ ಗೊಂಬೆಗೆ ಹತ್ತಿರದ ನೆಂಟನಂತೆ ಕಾಣುವುದು ಸಹಜ. ತಿರುಗುವ ಮರ ಎಲ್ಲಿದ್ದರೂ ಕೊಡುವುದು ಉರುಟನ್ನೇ. 1880ರ ದಶಕದ ಆರಂಭದಲ್ಲಿ ಬೆಂಗಳೂರು-ಮೈಸೂರು ರೈಲು ಚನ್ನಪಟ್ಟಣದ ಮೇಲೆ ಹಾದುಹೋದದ್ದು ಈ ಸರಕಿಗೆ ಎರಡೂ ಊರುಗಳ ದಾರಿ ತೆರೆಯಿತು.

ಕಸುಬಿನ ಮರ ಆಲೆ. ಹಾಲೆ ಎಂದೂ ಕರೆಯುತ್ತಾರೆ. ದಂತದಂತೆ ಬೆಳ್ಳಗೆ, ಎಳೆ ಒತ್ತಾಗಿ, ಉಳಿಗೆ ಒಗ್ಗುವಷ್ಟು ಮೆದುವಾಗಿ ಇರುವ ಮರ ಇದು. ಆಂಧ್ರದ ಏಟಿಕೊಪ್ಪಾಕದ ಗೊಂಬೆಗಾರರೂ ಬಳಸುವುದು ಇದೇ ಜಾತಿಯ ಮರವನ್ನು. ಕಡಿದ ಕೂಡಲೇ ಇದನ್ನು ಕಡೆಯುವುದಿಲ್ಲ. ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಬೇಕು. ಹಸಿ ಮರ ಒಣಗುವಾಗ ಎಲ್ಲ ಕಡೆಯೂ ಒಂದೇ ಸಮ ಕುಗ್ಗದು. ಇಂದು ಉರುಟಾಗಿ ಕಡೆದ ಗಾಲಿ ನಾಲ್ಕು ವಾರದಲ್ಲಿ ಮೊಟ್ಟೆಯಾಕಾರಕ್ಕೆ ತಿರುಗಿ ಅಕ್ಷ ತಪ್ಪುತ್ತದೆ.

ವಿದ್ಯುತ್ ಬರುವ ಮೊದಲು ಮರವನ್ನು ತಿರುಗಿಸುತ್ತಿದ್ದದ್ದು ಬಿಲ್ಲು. ಕಸುಬಿನವನು ನೆಲದ ಮೇಲೆ ಕೂತು, ಎರಡು ಮೊನೆಗಳ ನಡುವೆ ಮರದ ತುಂಡನ್ನು ಅಡ್ಡಲಾಗಿ ಸಿಕ್ಕಿಸಿ, ಬಿಲ್ಲಿನ ಹುರಿಯನ್ನು ಒಂದು ಸುತ್ತು ಸುತ್ತಿ, ಒಂದು ಕೈಯಿಂದ ಬಿಲ್ಲನ್ನು ಮುಂದಕ್ಕೂ ಹಿಂದಕ್ಕೂ ಎಳೆಯುತ್ತಿದ್ದ. ಇನ್ನೊಂದು ಕೈಯಲ್ಲಿ ಉಳಿ; ಉಳಿ ಅಲುಗದಂತೆ ಕಾಲಿನ ಬೆರಳುಗಳ ಆಸರೆ. ಹುರಿ ಜಾರದೆ ಮರವನ್ನು ಹಿಡಿದುಕೊಳ್ಳುವುದು ಘರ್ಷಣೆಯ ಬಲದಿಂದ. ಬಿಲ್ಲು ಒಂದು ದಿಕ್ಕಿಗೆ ಹೋದಾಗ ಮರ ಉಳಿಯ ಕಡೆಗೆ ತಿರುಗಿ ಬರುತ್ತದೆ, ಆಗ ಉಳಿ ಕಚ್ಚುತ್ತದೆ. ಬಿಲ್ಲು ಹಿಂದಿರುಗಿದಾಗ ಮರವೂ ಹಿಂದಕ್ಕೆ ತಿರುಗುತ್ತದೆ, ಆಗ ಉಳಿಯನ್ನು ಕೂದಲೆಳೆಯಷ್ಟು ಸಡಿಲಿಸಬೇಕು. ಎಳೆತ ಎರಡಾದರೂ ಕೆಲಸ ನಡೆಯುವುದು ಒಂದರಲ್ಲೇ.

ಶಾಲೆಯಲ್ಲಿ ಮಕ್ಕಳನ್ನು ಬಹಳ ಗೊಂದಲಕ್ಕೆ ಕೆಡಹುವ ದೂರ ಮತ್ತು ಸ್ಥಾನಪಲ್ಲಟಗಳ ವ್ಯತ್ಯಾಸವನ್ನು ಈ ಬಿಲ್ಲಿಗಿಂತ ಸ್ಪಷ್ಟವಾಗಿ ತೋರಿಸುವ ಸಾಧನ ಸಿಗುವುದು ಕಷ್ಟ. ಮರದ ಸುತ್ತಳತೆ 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಬಹುದು. ಬಿಲ್ಲನ್ನು 60 ಸೆಂಟಿಮೀಟರ್ ತಳ್ಳಿದರೆ ಮರ 6 ಸುತ್ತು ತಿರುಗುತ್ತದೆ. ಅಷ್ಟೇ ಹಿಂದಕ್ಕೆ ಎಳೆದರೆ ಮತ್ತೆ 6 ಸುತ್ತು, ಆದರೆ ವಿರುದ್ಧ ದಿಕ್ಕಿಗೆ. ಮರದ ಮೈಮೇಲೆ ಒಂದು ಚುಕ್ಕೆ ಇಟ್ಟಿದ್ದರೆ ಅದು ಸಾಗಿದ ಒಟ್ಟು ದೂರ 120 ಸೆಂಟಿಮೀಟರ್. ಅದರ ಸ್ಥಾನಪಲ್ಲಟ ಮಾತ್ರ ಸೊನ್ನೆ, ಏಕೆಂದರೆ ಚುಕ್ಕೆ ಹೊರಟಲ್ಲಿಗೇ ಬಂದು ನಿಂತಿದೆ. ದೂರ ಎಂದರೆ ನಡೆದ ದಾರಿಯ ಉದ್ದ. ಸ್ಥಾನಪಲ್ಲಟ ಎಂದರೆ ಹೊರಟ ಜಾಗದಿಂದ ತಲುಪಿದ ಜಾಗಕ್ಕೆ ಇರುವ ನೇರ ಅಂತರ, ಅದರ ದಿಕ್ಕಿನ ಸಮೇತ. ದಿನವಿಡೀ ಬಿಲ್ಲು ಎಳೆದರೂ ಬಿಲ್ಲಿನ ಸ್ಥಾನಪಲ್ಲಟ ಸೊನ್ನೆಯಾಗಿಯೇ ಉಳಿಯುತ್ತದೆ. ಹಾಗೆಂದು ಬೆವರು ಸೊನ್ನೆಯಲ್ಲ, ಕಡೆದ ಬುಗುರಿಗಳ ಎಣಿಕೆಯೂ ಸೊನ್ನೆಯಲ್ಲ. ಘರ್ಷಣೆ ತಿಂದುಹಾಕುವ ಶಕ್ತಿಯ ಲೆಕ್ಕ ನಡೆಯುವುದು ಸಾಗಿದ ದೂರದ ಮೇಲೆ.

ಬಿಲ್ಲಿಗೆ ಇನ್ನೊಂದು ಮಿತಿಯಿತ್ತು. ಪ್ರತಿ ಎಳೆತದ ಕೊನೆಗೆ ಮರ ಒಂದು ಗಳಿಗೆ ಪೂರ್ತಿ ನಿಂತು, ಎದುರು ದಿಕ್ಕಿಗೆ ಹೊಸದಾಗಿ ಹೊರಡಬೇಕು. ತಿರುಗುವ ವಸ್ತುವಿಗೂ ಜಡತ್ವ ಇದೆ. ಅದನ್ನು ನಿಲ್ಲಿಸಲೂ ಬಲ ಬೇಕು, ಹೊರಡಿಸಲೂ ಬಲ ಬೇಕು. ಮರ ದಪ್ಪವಾದಷ್ಟೂ ಈ ಜಡತ್ವ ಏರುತ್ತದೆ. ಬಿಲ್ಲಿನ ಕಾಲದ ಕೆಲಸಕ್ಕೆ ಸಣ್ಣ ವಸ್ತುಗಳು ಹೇಳಿ ಮಾಡಿಸಿದಂತಿದ್ದದ್ದಕ್ಕೆ ಇದು ಒಂದು ಕಾರಣ.

ವಿದ್ಯುತ್ ಈ ಸೀಮೆಗೆ ಬೇಗ ಕಣ್ಣಿಗೆ ಬಿತ್ತು, ತಡವಾಗಿ ಕೈಗೆ ಸಿಕ್ಕಿತು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ ದಾರಿಯಾಗಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಕಡೆತದ ಮನೆಗಳಿಗೆ ಮೋಟಾರಿನ ಲೇತ್ ಬಂದದ್ದು ನಂತರದ ದಶಕಗಳಲ್ಲಿ. ಅದು ಬಂದ ಮೇಲೆ ಮರ ಒಂದೇ ದಿಕ್ಕಿಗೆ, ನಿಲ್ಲದೆ, ಒಂದೇ ಸಮನೆ ತಿರುಗತೊಡಗಿತು. ಎರಡೂ ಕೈ ಉಳಿಗೇ ಸಿಕ್ಕವು. ನೆಲದ ಮೇಲೆ ಕೂರುತ್ತಿದ್ದವನು ಎದ್ದು ನಿಂತ.

ಲೇತಿನ ವೃತ್ತಾಕಾರದ ಚಲನೆಗೂ ಒಂದು ಲೆಕ್ಕ ಹಾಕಿ ನೋಡಬೇಕು. ಮಿನಿಟಿಗೆ 1,200 ಸುತ್ತು ತಿರುಗುವ ಲೇತಿನಲ್ಲಿ 5 ಸೆಂಟಿಮೀಟರ್ ಅಡ್ಡಳತೆಯ ಮರವಿದೆ ಎಂದುಕೊಂಡರೆ, ಸೆಕೆಂಡಿಗೆ 20 ಸುತ್ತು, ಒಂದು ಸುತ್ತಿಗೆ ಸುಮಾರು 15.7 ಸೆಂಟಿಮೀಟರ್. ಮೈಮೇಲಿನ ಚುಕ್ಕೆಯ ಜವ ಸೆಕೆಂಡಿಗೆ 3 ಮೀಟರಿಗಿಂತ ತುಸು ಹೆಚ್ಚು. ಅಕ್ಷದ ಹತ್ತಿರ ಹೋದಂತೆ ಜವ ಇಳಿಯುತ್ತದೆ, ನಟ್ಟನಡುವೆ ಅದು ಸೊನ್ನೆ. ಜವ ಬದಲಾಗದಿದ್ದರೂ ಚುಕ್ಕೆಯ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತಿರುವುದರಿಂದ ವೇಗ ಬದಲಾಗುತ್ತಿದೆ. ಎಂದರೆ ಅಲ್ಲಿ ವೇಗೋತ್ಕರ್ಷ ಇದೆ, ಅದು ಯಾವಾಗಲೂ ಅಕ್ಷದ ಕಡೆಗೆ. ಈ ಉದಾಹರಣೆಯಲ್ಲಿ ಅದು ಭೂಮಿಯ ಗುರುತ್ವದ ವೇಗೋತ್ಕರ್ಷದ ಸುಮಾರು 40 ಪಟ್ಟು. ಮರದ ಎಳೆಗಳ ಬಿಗಿಹಿಡಿತ ಅಷ್ಟು ಬಲವನ್ನು ಒದಗಿಸುತ್ತಿದೆ. ಉಳಿ ತಾಗಿ ಬಿಡಿಸಿಕೊಂಡ ಚೂರಿಗೆ ಆ ಹಿಡಿತ ತಪ್ಪುತ್ತದೆ, ಹಾಗಾಗಿ ಅದು ಆ ಗಳಿಗೆಯಲ್ಲಿ ಯಾವ ದಿಕ್ಕಿಗೆ ಮುಖ ಮಾಡಿತ್ತೋ ಆ ದಿಕ್ಕಿಗೆ ನೇರವಾಗಿ ಹಾರುತ್ತದೆ. 1687ರಲ್ಲಿ ಪ್ರಕಟವಾದ ನ್ಯೂಟನ್ನನ ಮೊದಲ ನಿಯಮ ಹೇಳುವುದು ಇದನ್ನೇ. ಅಕ್ಷಕ್ಕೆ ಸರಿಯಾಗಿ ಸಿಕ್ಕಿಸದ ಮರ ಒಂದು ಬದಿಗೆ ಭಾರವಾಗಿದ್ದರೆ ಈ 40 ಪಟ್ಟಿನ ಎಳೆತ ಆ ಬದಿಯಲ್ಲೇ ಹೆಚ್ಚಾಗಿ ಇಡೀ ಲೇತ್ ನಡುಗುತ್ತದೆ. ನುರಿತವನಿಗೆ ಅದು ಕಣ್ಣಿಗೆ ಕಾಣುವ ಮೊದಲೇ ಉಳಿಯ ಹಿಡಿಯಲ್ಲಿ ತಿಳಿಯುತ್ತದೆ.

ಆಕಾರ ಬಂದ ಮೇಲೆ ಬಣ್ಣ. ಚನ್ನಪಟ್ಟಣದಲ್ಲಿ ಕುಂಚವಾಗಲಿ ಬಣ್ಣದ ಡಬ್ಬಿಯಾಗಲಿ ಇಲ್ಲದೆ ಮುಖ್ಯ ಬಣ್ಣ ಏರುತ್ತದೆ. ಅರಗಿನ ಹುಳು ಮುತ್ತುಗ, ಬೋರೆ, ಕುಸುಮದಂಥ ಮರಗಳ ರೆಂಬೆಯ ಮೇಲೆ ಸ್ರವಿಸುವ ಅಂಟೇ ಅರಗು. ಪಾಂಡವರ ಅರಗಿನ ಮನೆಯ ಕಥೆಯಿಂದ ಎಲ್ಲರಿಗೂ ಗೊತ್ತಿರುವ ವಸ್ತು. ಅರಿಸಿನದ ಹಳದಿ, ನೀಲಿಯ ನೀಲಿ, ಕಾಚಿನ ಕಂದು, ಹೀಗೆ ಬಣ್ಣ ಬೆರೆಸಿದ ಅರಗನ್ನು ಕಡ್ಡಿಗಳಾಗಿ ಎಳೆದು ಇಟ್ಟುಕೊಂಡಿರುತ್ತಾರೆ. ಗಟ್ಟಿಯಾದ ಆ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಸಾಕು. ಘರ್ಷಣೆಯಿಂದ ಶಾಖ ಹುಟ್ಟುತ್ತದೆ; ಸುಮಾರು 75 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅರಗು ಕರಗಿ ಮರದ ಮೈಗೆ ಹರಡಿಕೊಳ್ಳುತ್ತದೆ, ಕಡ್ಡಿ ತೆಗೆದ ಕೂಡಲೇ ಆರಿ ಗಟ್ಟಿಯಾಗುತ್ತದೆ. ಒಲೆಯಿಲ್ಲ, ಬೆಂಕಿಯಿಲ್ಲ. ಕೊನೆಗೆ ತಾಳೆಗರಿ, ಎಂದರೆ ಕೇದಗೆಯ ಎಲೆಯನ್ನು ಒತ್ತಿಹಿಡಿದರೆ ಅದೇ ಘರ್ಷಣೆ ಅರಗನ್ನು ಸಮಗೊಳಿಸಿ ಕನ್ನಡಿಯ ಹೊಳಪು ಕೊಡುತ್ತದೆ.

ಶಾಖ ಎಂಬುದು ಒಂದು ದ್ರವದಂಥ ವಸ್ತು, ಅದು ಕಾಯಗಳ ಒಳಗೆ ತುಂಬಿಕೊಂಡಿರುತ್ತದೆ ಎಂದು ಯೂರೋಪಿನ ವಿದ್ವಾಂಸರು ನಂಬಿದ್ದ ಕಾಲದಲ್ಲಿ ರಮ್‌ಫರ್ಡ್ ಎಂಬಾತ ಮ್ಯೂನಿಕ್‌ನ ಶಸ್ತ್ರಾಗಾರದಲ್ಲಿ ಫಿರಂಗಿಯ ನಳಿಗೆ ಕೊರೆಸುತ್ತಿದ್ದ. ಮೊಂಡು ಬೈರಿಗೆಯ ಉಜ್ಜಾಟದಿಂದಲೇ ನೀರು ಎರಡೂವರೆ ಗಂಟೆಯಲ್ಲಿ ಕುದಿಯಿತು, ಉಜ್ಜುತ್ತಿರುವಷ್ಟು ಹೊತ್ತೂ ಶಾಖ ಬರುತ್ತಲೇ ಇತ್ತು. ಮುಗಿಯದೆ ಬರುವುದು ವಸ್ತುವಾಗಿರಲಾರದು, ಅದು ಚಲನೆಯಿಂದ ಹುಟ್ಟಿದ್ದು ಎಂದು ಅವನು 1798ರಲ್ಲಿ ವಾದಿಸಿದ. ಆ ವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಸಿಂಹಾಸನದಲ್ಲಿದ್ದ. ಅರಗಿನ ಕಡ್ಡಿಯನ್ನು ಮರಕ್ಕೆ ಒತ್ತಿ ಬಣ್ಣವೇರಿಸುವ ಯಾವ ಕಸುಬುದಾರನಿಗೂ ಈ ಸಂಗತಿ ಕೈಯಾರೆ ಗೊತ್ತು. ಗೊತ್ತಿರುವುದು ಬೇರೆ, ಅಳೆದು ನಿಯಮ ಮಾಡುವುದು ಬೇರೆ, ನಿಜ. ಆದರೆ ವಿಜ್ಞಾನ ಹುಟ್ಟಿದ್ದು ಕೈಗೆ ಗೊತ್ತಿದ್ದುದನ್ನು ಮತ್ತೆ ಕೇಳಿಕೊಂಡದ್ದರಿಂದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇನ್ನು ಸ್ಥಿರತೆ. ನವರಾತ್ರಿಯ ಗೊಂಬೆ ಹಬ್ಬದಲ್ಲಿ ಮೆಟ್ಟಿಲ ಮೇಲೆ ಕೂರಿಸುವ ಗೊಂಬೆ ಸೆರಗು ತಾಗಿದರೆ ಉರುಳುವಂತಿರಬಾರದು. ನಿಂತ ಗೊಂಬೆಯ ಭಾರವೆಲ್ಲ ಒಂದೇ ಬಿಂದುವಿನಲ್ಲಿದೆ ಎಂದು ಭಾವಿಸಬಹುದಾದ ಜಾಗವೇ ಗುರುತ್ವ ಕೇಂದ್ರ. ಅಲ್ಲಿಂದ ಕೆಳಕ್ಕೆ ಎಳೆದ ತೂಕದ ಗೆರೆ ಗೊಂಬೆಯ ತಳದೊಳಗೆ ಬೀಳುವವರೆಗೆ ಗೊಂಬೆ ಓರೆಯಾದರೂ ಮತ್ತೆ ಸರಿಯಾಗಿ ಕೂರುತ್ತದೆ, ಗೆರೆ ತಳದ ಅಂಚನ್ನು ದಾಟಿದರೆ ಬೀಳುತ್ತದೆ. 4 ಸೆಂಟಿಮೀಟರ್ ಅಗಲದ ಉರುಟು ತಳದ ಗೊಂಬೆಗೆ ಗುರುತ್ವ ಕೇಂದ್ರ 5 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಅದು ಸುಮಾರು 22 ಡಿಗ್ರಿ ವಾಲಿದಾಗ ಉರುಳುತ್ತದೆ. ತಲೆಯನ್ನು ಚಿಕ್ಕದು ಮಾಡಿ, ಬುಡವನ್ನು ದಪ್ಪ ಬಿಟ್ಟು ಆ ಕೇಂದ್ರವನ್ನು 3 ಸೆಂಟಿಮೀಟರಿಗೆ ಇಳಿಸಿದರೆ ಸುಮಾರು 34 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ. ರಾಣಿಯ ಲಂಗ ಕೆಳಗೆ ಗಂಟೆಯಂತೆ ಅರಳಿರುವುದು ಅಂದಕ್ಕೂ ಹೌದು, ಈ ಲೆಕ್ಕಕ್ಕೂ ಹೌದು.

ತೂಗುವ ಕುದುರೆಯ ಸಂಗತಿ ಬೇರೆ. ಅದರ ಅಡಿಯ ಹಲಗೆ ಬಾಗಿದೆ. ವಾಲಿದಂತೆಲ್ಲ ನೆಲ ಮುಟ್ಟುವ ಜಾಗವೂ ಸರಿಯುತ್ತದೆ. ಆ ಬಾಗು ಯಾವ ವೃತ್ತದ ತುಂಡೋ ಆ ವೃತ್ತದ ಕೇಂದ್ರಕ್ಕಿಂತ ಕುದುರೆ ಮತ್ತು ಮಗು ಇಬ್ಬರ ಒಟ್ಟು ಗುರುತ್ವ ಕೇಂದ್ರ ಕೆಳಗಿದ್ದರೆ ಕುದುರೆ ತೂಗಿ ತೂಗಿ ಮೊದಲಿನ ಜಾಗಕ್ಕೆ ಮರಳುತ್ತದೆ. ಮಗು ಕುದುರೆಯ ಬೆನ್ನಮೇಲೆ ಎದ್ದು ನಿಂತರೆ ಆ ಕೇಂದ್ರ ಮೇಲೇರುತ್ತದೆ, ತಾಯಂದಿರು ಗದರುವುದಕ್ಕೆ ಭೌತಶಾಸ್ತ್ರದ ಬೆಂಬಲವಿದೆ. ನಡೆಯಲು ಕಲಿಯುವ ಮಗುವಿನ ಮರದ ತಳ್ಳುಗಾಡಿಗೆ ಮೂರೇ ಗಾಲಿ. ಏರುತಗ್ಗಿನ ನೆಲದಲ್ಲಿ ನಾಲ್ಕು ಗಾಲಿಯ ಗಾಡಿಯಲ್ಲಿ ಒಂದು ಗಾಲಿ ಗಾಳಿಯಲ್ಲಿ ತೂಗಾಡಬಹುದು. ಮೂರು ಗಾಲಿ ಎಂಥ ನೆಲದಲ್ಲೂ ಒಟ್ಟಿಗೆ ನೆಲ ಮುಟ್ಟುತ್ತವೆ.

ನಿಂತಿರುವ ವಸ್ತುಗಳ ಸಮತೋಲಕ್ಕೆ ಇಷ್ಟು ಸಾಕು. ಬುಗುರಿ ಈ ನಿಯಮಗಳನ್ನೆಲ್ಲ ಮೀರಿದಂತೆ ಕಾಣುತ್ತದೆ. ಅದರ ಭಾರ ಮೇಲೆ, ತಳ ಒಂದು ಮೊಳೆಯ ಮೊನೆ. ತಿರುಗದ ಬುಗುರಿಯನ್ನು ಮೊನೆಯ ಮೇಲೆ ನಿಲ್ಲಿಸಲು ಯಾರಿಂದಲೂ ಆಗದು. ಚಾಟಿ ಸುತ್ತಿ ಬೀಸಿ ಎಳೆದರೆ ಅದೇ ಬುಗುರಿ ಅಲುಗದೆ ನಿಲ್ಲುತ್ತದೆ. ತಿರುಗುವ ಕಾಯಕ್ಕೆ ಕೋನೀಯ ಸಂವೇಗ ಇರುತ್ತದೆ. ಅದಕ್ಕೆ ಪ್ರಮಾಣವಷ್ಟೇ ಅಲ್ಲ, ಅಕ್ಷದ ಗುಂಟ ಒಂದು ದಿಕ್ಕೂ ಇದೆ. ಓರೆಯಾದ ಬುಗುರಿಯನ್ನು ಗುರುತ್ವ ಕೆಳಕ್ಕೆ ಎಳೆದಾಗ ಆ ದಿಕ್ಕು ಕೆಳಗೆ ಬೀಳುವ ಬದಲು ಪಕ್ಕಕ್ಕೆ ಸರಿಯುತ್ತದೆ. ಹೀಗೆ ಸರಿಯುತ್ತಾ ಬುಗುರಿಯ ತಲೆ ಗಾಳಿಯಲ್ಲಿ ನಿಧಾನವಾಗಿ ಒಂದು ವೃತ್ತ ಬರೆಯುತ್ತದೆ. ತಿರುಗು ಜೋರಾಗಿದ್ದಷ್ಟು ಹೊತ್ತು ಈ ವೃತ್ತ ನಿಧಾನ. ಮೊನೆಯ ಘರ್ಷಣೆಯೂ ಗಾಳಿಯೂ ತಿರುಗನ್ನು ತಗ್ಗಿಸಿದಂತೆ ವೃತ್ತ ಬೇಗಬೇಗನೆ, ಅಗಲಗಲವಾಗಿ ಬರೆಯತೊಡಗುತ್ತದೆ, ಕೊನೆಗೆ ಹೊಟ್ಟೆ ನೆಲ ಮುಟ್ಟುತ್ತದೆ. ಎದುರಾಳಿಯ ಬುಗುರಿಗೆ ಗುನ್ನ ಹೊಡೆಯುವ ಹುಡುಗರು ಕಾಯುವುದು ಈ ತಲೆಯಾಟದ ಗಳಿಗೆಯನ್ನೇ. ಮರದ ಭಾರ ಅಕ್ಷದಿಂದ ದೂರ, ಅಂಚಿನಲ್ಲಿದ್ದಷ್ಟೂ ಬುಗುರಿ ಹೆಚ್ಚು ಹೊತ್ತು ಬಾಳುತ್ತದೆ. ಮೊಳೆ ಚೂಪಾಗಿದ್ದಷ್ಟೂ ಘರ್ಷಣೆಯ ತಡೆ ಕಡಿಮೆ. ಅಕ್ಷ ತಪ್ಪಿದ ಬುಗುರಿ ಮೊದಲ ಸುತ್ತಿನಲ್ಲೇ ಕುಣಿಯುತ್ತದೆ. ಕಡೆದ ಬುಗುರಿ ಕತ್ತಿಯಿಂದ ಸವರಿದ ಬುಗುರಿಗಿಂತ ಮೇಲೆನಿಸುವುದು ಇದರಿಂದಲೇ.

ಭೂಮಿಯೂ ಒಂದು ಬುಗುರಿ. ಅದರ ಓರೆಯಾದ ಅಕ್ಷ ಇಂಥದೇ ಒಂದು ವೃತ್ತವನ್ನು ಬರೆಯಲು ಸುಮಾರು 26,000 ವರ್ಷ ಹಿಡಿಯುತ್ತದೆ. ಪಂಚಾಂಗದಲ್ಲಿ ಅಯನಾಂಶ ಎಂದು ಬರೆಯುವುದು ಈ ಸರಿದಾಟದ ಅಳತೆಯನ್ನು. ಈಗ ಅದು ಸುಮಾರು 24 ಡಿಗ್ರಿ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ರಂದು, ಎಳ್ಳು ಬೀರುವ ಸಂಕ್ರಾಂತಿ ಬರುವುದು ಜನವರಿ 14-15ರಂದು. ನಡುವಿನ ಮೂರು ವಾರಕ್ಕೂ ಮೀರಿದ ಅಂತರ ಈ ದೊಡ್ಡ ಬುಗುರಿಯ ತಲೆಯಾಟದ್ದು.

ಚನ್ನಪಟ್ಟಣದ ಅಂಗಡಿಗಳಲ್ಲಿ ಸಿಗುವ ಬುಗುರಿಗಳಲ್ಲಿ ಒಂದು ತಲೆಕೆಳಗಾಗುವ ಬುಗುರಿ. ತುದಿ ಕತ್ತರಿಸಿದ ಚೆಂಡಿಗೆ ಒಂದು ತೊಟ್ಟು ಇಟ್ಟಂತೆ ಅದರ ಆಕಾರ. ತೊಟ್ಟನ್ನು ಬೆರಳಲ್ಲಿ ಹಿಡಿದು ತಿರುಗಿಸಿ ಬಿಟ್ಟರೆ, ತುಸು ಹೊತ್ತಿಗೆ ವಾಲಿ, ತೊಟ್ಟಿನ ಮೇಲೆ ಎದ್ದು ನಿಂತು ತಿರುಗುತ್ತದೆ. ಭಾರವಾದ ಚೆಂಡು ತಾನಾಗಿ ಮೇಲೇರುತ್ತದೆ. ಇಂಥ ಬುಗುರಿಗೆ ಜರ್ಮನಿಯಲ್ಲಿ ಹೆಲೆನೆ ಸ್ಪೆರ್ಲ್ ಎಂಬಾಕೆ 1891ರಲ್ಲಿ ಹಕ್ಕುಪತ್ರ ಪಡೆದಿದ್ದರು. 1950ರ ದಶಕದಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ತೆಗೆದ ಒಂದು ಹೆಸರಾಂತ ಚಿತ್ರದಲ್ಲಿ ನೊಬೆಲ್ ಪುರಸ್ಕೃತರಾದ ನೀಲ್ಸ್ ಬೋರ್ ಮತ್ತು ವೋಲ್ಫ್‌ಗಾಂಗ್ ಪೌಲಿ ಇಬ್ಬರೂ ಬಾಗಿ ನಿಂತು ಮಕ್ಕಳಂತೆ ಇದನ್ನೇ ನೋಡುತ್ತಿದ್ದಾರೆ. ಇದರ ರಹಸ್ಯ ನೆಲದ ಘರ್ಷಣೆಯಲ್ಲಿದೆ ಎಂದು ನೆದರ್‌ಲೆಂಡ್ಸ್‌ನ ಬ್ರಾಮ್ಸ್ ಮತ್ತು ಹುಗೆನ್‌ಹೋಲ್ಟ್ಸ್ 1952ರಲ್ಲಿ ಗಣಿತದಿಂದ ತೋರಿಸಿದರು. ಚೆಂಡಿನ ಅಡಿ ನೆಲದ ಮೇಲೆ ಜಾರುವಾಗ ಘರ್ಷಣೆ ಅಕ್ಷವನ್ನು ಸ್ವಲ್ಪಸ್ವಲ್ಪವೇ ಓರೆ ಮಾಡುತ್ತಾ ಹೋಗುತ್ತದೆ. ಚೆಂಡನ್ನು ಮೇಲೆತ್ತುವ ಶಕ್ತಿ ತಿರುಗಿನಿಂದಲೇ ಬರುತ್ತದೆ, ಹಾಗಾಗಿ ಮೇಲೆದ್ದ ಬುಗುರಿ ಮೊದಲಿಗಿಂತ ನಿಧಾನವಾಗಿ ತಿರುಗುತ್ತದೆ. ಮೇಲಿನಿಂದ ನೋಡುವವರಿಗೆ ತಿರುಗಿನ ದಿಕ್ಕು ಮೊದಲಿನದೇ. ತೊಟ್ಟಿನ ಕಡೆಯಿಂದ ಲೆಕ್ಕ ಹಾಕಿದರೆ ಮಾತ್ರ ಅದು ಉಲ್ಟಾ ಆಗಿರುತ್ತದೆ. ಚೆಂಡಿನ ಮೇಲೆ ಬಾಣದ ಗುರುತು ಬರೆದು ಯಾವ ಮಗುವಾದರೂ ಇದನ್ನು ಪರೀಕ್ಷಿಸಬಹುದು.

ಅದೇ ನೆದರ್‌ಲೆಂಡ್ಸ್ ದೇಶದ ನೆರವಿನಿಂದ ಮುಂದೆ ‘ವಿಶ್ವ’ ಎಂಬ ಯೋಜನೆಯಡಿ ಚನ್ನಪಟ್ಟಣದಲ್ಲಿ ಲೇತ್‌ಗಳುಳ್ಳ ಅರಗಿನ ಕುಶಲಕಲೆಯ ಸಂಕೀರ್ಣ ಎದ್ದಿತು. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಅದರ ಹೊಣೆ ಹೊತ್ತಿತು. 2005-06ರಲ್ಲಿ ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2015ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ಈ ಗೊಂಬೆಗಳು ದೆಹಲಿಯ ರಾಜಪಥದಲ್ಲಿ ಸಾಗಿದವು. ಆ ವರ್ಷಗಳಲ್ಲೇ ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆ ಕಸುಬಿನ ಕುತ್ತಿಗೆ ಹಿಸುಕುತ್ತಿತ್ತು. 2020ರಲ್ಲಿ ಆಮದು ಸುಂಕ ಶೇಕಡ 20ರಿಂದ 60ಕ್ಕೆ ಏರಿತು, 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಗುರುತು ಕಡ್ಡಾಯವಾಯಿತು. ಇವು ಉಸಿರಾಡಲು ಒಂದಿಷ್ಟು ಜಾಗ ಕೊಟ್ಟವು.

ಉಳಿದಿರುವ ಒಂದು ಕೊರತೆಯನ್ನು ತುಂಬುವುದು ಸರ್ಕಾರಕ್ಕಿಂತ ಶಾಲೆಗಳ ಕೈಯಲ್ಲಿದೆ. ಒಂಬತ್ತನೆಯ ತರಗತಿಯಲ್ಲಿ ಚಲನೆಯ ಪಾಠ ಕಪ್ಪು ಹಲಗೆಯ ಮೇಲಿನ ಗೆರೆಗಳಲ್ಲಿ ಮುಗಿದುಹೋಗುತ್ತದೆ, ಅದೇ ತಾಲ್ಲೂಕಿನ ಲೇತ್ ಮನೆಗಳಲ್ಲಿ ಆ ಪಾಠ ದಿನವಿಡೀ ತಿರುಗುತ್ತಿರುತ್ತದೆ. ಹೊಂಗನೂರಿನ, ಚನ್ನಪಟ್ಟಣದ, ಸುತ್ತಲಿನ ಎಲ್ಲ ಊರುಗಳ ವಿಜ್ಞಾನ ಶಿಕ್ಷಕರು ಆ ಪಾಠ ತೊಡಗುವ ವಾರ ಮಕ್ಕಳನ್ನು ಒಂದು ಲೇತ್ ಮನೆಗೆ ಕರೆದೊಯ್ಯಲಿ. ಅರಗಿನ ಕಡ್ಡಿ ಮರಕ್ಕೆ ತಾಗಿ ಕರಗುವುದನ್ನು ಅವರು ಕಣ್ಣಾರೆ ನೋಡಲಿ, ಬರುವಾಗ ತಲೆಗೊಂದು ತಲೆಕೆಳಗಾಗುವ ಬುಗುರಿ ಕೊಂಡು ತರಲಿ.